ಜರಡಿಯಿಂದ ಜಾರಿದ ಇಪ್ಪತ್ತಮೂರು ಬಾವಿಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯೂಜಿಐಎಸ್‌ನಲ್ಲಿ ಲೇಯರ್ ಸೋಸುವ ಬಗೆ

ತಮ್ಮ ಊರಿನ ಕೆರೆ, ಬಾವಿ, ಜಮೀನುಗಳ ನಕ್ಷೆಯನ್ನು ತಾವೇ ಮಾಡಿಕೊಳ್ಳುತ್ತಿರುವ ಓದುಗರಿಂದ ಕೆಲವು ತಿಂಗಳುಗಳಿಂದ ಪತ್ರಗಳು ಬರುತ್ತಿವೆ. ಬಹುತೇಕ ಎಲ್ಲರೂ ಬಳಸುತ್ತಿರುವುದು ಕ್ಯೂಜಿಐಎಸ್ ತಂತ್ರಾಂಶವನ್ನು. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಪರವಾನಗಿಯ ಗೊಡವೆಯೂ ಇಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುವರಿದಿರುವುದರಿಂದ ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ: ಒಂದು ಲೇಯರಿನಲ್ಲಿರುವ, ಅಂದರೆ ನಕ್ಷೆಯ ಒಂದು ಪದರದಲ್ಲಿರುವ, ನೂರಾರು ಫೀಚರುಗಳಲ್ಲಿ (ಬಾವಿ, ಕೆರೆಯಂಥ ಗುರುತುಗಳಲ್ಲಿ) ನಮಗೆ ಬೇಕಾದವನ್ನು ಮಾತ್ರ ಸೋಸಿ ತೋರಿಸುವುದು ಹೇಗೆ?

ಒಂದು ಸೂಚನೆ. ಉತ್ತರಗಳಲ್ಲಿ ಬರುವ ಸೂತ್ರಗಳಲ್ಲಿ ಆ್ಯಂಡ್, ಆರ್, ಈಸ್ ನಲ್ ಮುಂತಾದ ಪದಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕಾಲಂಗಳ ಹೆಸರು ನಿಮ್ಮ ಕಡತದಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು.

ಪ್ರಶ್ನೆ: ನಾನು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸುತ್ತಿನ ಹಳ್ಳಿಗಳ 212 ಕೊಳವೆಬಾವಿಗಳನ್ನು ಲೇಯರಿನಲ್ಲಿ ಗುರುತಿಸಿ, ಪ್ರತಿಯೊಂದರ ಎದುರು ನೀರಿನ ಫ್ಲೋರೈಡ್ ಪ್ರಮಾಣವನ್ನು ತುಂಬಿದ್ದೇವೆ. ಲೀಟರಿಗೆ 1.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರುವ ಬಾವಿಗಳನ್ನು ಫಿಲ್ಟರ್ ಮಾಡಿದಾಗ 131 ಬಂದವು. ಅದಕ್ಕಿಂತ ಹೆಚ್ಚಿರುವವನ್ನು ಕೇಳಿದಾಗ 58 ಬಂದವು. ಎರಡನ್ನೂ ಕೂಡಿದರೆ 189 ಆಗುತ್ತದೆ. ಒಂದು ಸಂಖ್ಯೆ 1.5ಕ್ಕಿಂತ ಹೆಚ್ಚಾಗಿರಬೇಕು, ಇಲ್ಲವೇ ಆಗಿರಬಾರದು. ಹಾಗಿದ್ದರೆ ಉಳಿದ 23 ಬಾವಿಗಳು ಎಲ್ಲಿ ಹೋದವು? ತಂತ್ರಾಂಶದಲ್ಲಿ ದೋಷವಿದೆಯೇ?
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ತಂತ್ರಾಂಶದಲ್ಲಿ ದೋಷವಿಲ್ಲ. ಆದರೆ ನೀವು ಎರಡೂ ಸಂಖ್ಯೆಗಳನ್ನು ಕೂಡಿ ನೋಡಿದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ಹಾಗೆ ಕೂಡಿ ನೋಡದೆ ನಕ್ಷೆಯನ್ನು ಮುದ್ರಿಸಿ ಹಂಚಿಬಿಡುವವರೇ ಹೆಚ್ಚು.

ಆ 23 ಬಾವಿಗಳ ಸಾಲಿನಲ್ಲಿ ಫ್ಲೋರೈಡ್ ಕಾಲಂ ಖಾಲಿಯಾಗಿರುತ್ತದೆ. ಲೇಯರಿನ ಮಾಹಿತಿಯ ಕೋಷ್ಟಕವಾದ ಅಟ್ರಿಬ್ಯೂಟ್ ಟೇಬಲ್ ತೆರೆದು ಆ ಕಾಲಂನ ತಲೆಯ ಮೇಲೆ ಒತ್ತಿ ಕ್ರಮವಾಗಿ ಜೋಡಿಸಿದರೆ, ಓರೆ ಅಕ್ಷರಗಳಲ್ಲಿ ನಲ್ ಎಂದು ಬರೆದಿರುವ ಸಾಲುಗಳು ಒಟ್ಟಾಗಿ ಕಾಣಿಸುತ್ತವೆ. ನಲ್ ಎಂದರೆ ಸೊನ್ನೆಯಲ್ಲ. ಮೌಲ್ಯ ಇನ್ನೂ ತಿಳಿದಿಲ್ಲ ಎಂದು ಅದರ ಅರ್ಥ. ತಿಳಿಯದ ಮೌಲ್ಯ 1.5ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಡೇಟಾಬೇಸ್ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ, ಗೊತ್ತಿಲ್ಲ ಎನ್ನುತ್ತದೆ. ಫಿಲ್ಟರ್ ಒಳಗೆ ಬಿಟ್ಟುಕೊಳ್ಳುವುದು ಹೌದು ಎಂಬ ಉತ್ತರ ಬಂದ ಫೀಚರುಗಳನ್ನು ಮಾತ್ರ. ಆದ್ದರಿಂದ ಪರೀಕ್ಷೆಯಾಗದ ಬಾವಿ ಎರಡೂ ಕಡೆಯಿಂದ ಹೊರಗುಳಿಯುತ್ತದೆ. ಸೂತ್ರದ ಆರಂಭದಲ್ಲಿ ನಾಟ್ ಸೇರಿಸಿ, 1.5ಕ್ಕಿಂತ ಹೆಚ್ಚಿಲ್ಲದ ಎಲ್ಲವನ್ನೂ ಕೊಡು ಎಂದು ಕೇಳಿದರೂ ಅವು ಬರುವುದಿಲ್ಲ, ಏಕೆಂದರೆ ಗೊತ್ತಿಲ್ಲ ಎಂಬುದರ ವಿರುದ್ಧವೂ ಗೊತ್ತಿಲ್ಲ ಎಂಬುದೇ ಆಗಿದೆ.

ನಮ್ಮ ಮನೆಗಳಲ್ಲಿ ಹಿಟ್ಟು ಜರಡಿ ಹಿಡಿದಾಗ ಕೆಳಗೆ ಬೀಳದ ತೌಡು ಜರಡಿಯ ಮೇಲೇ ಉಳಿದು ಕಣ್ಣಿಗೆ ಬೀಳುತ್ತದೆ. ಕಂಪ್ಯೂಟರಿನ ಜರಡಿಯಲ್ಲಿ ಉಳಿದದ್ದು ಕಾಣುವುದಿಲ್ಲ. ಅದನ್ನು ನಾವೇ ಬೇರೆಯಾಗಿ ಕೇಳಬೇಕು. ನಿಮ್ಮ ಲೇಯರಿಗೆ ಕೇಳಬೇಕಾದ ಮೂರನೆಯ ಪ್ರಶ್ನೆ ಇದು:

"ಫ್ಲೋರೈಡ್" ಈಸ್ ನಲ್

ಸಮ ಚಿಹ್ನೆ ಹಾಕಿ "ಫ್ಲೋರೈಡ್" = ನಲ್ ಎಂದು ಬರೆದರೆ ಒಂದೂ ಬಾವಿ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ತಿಳಿಯದ್ದು ತಿಳಿಯದ್ದಕ್ಕೆ ಸಮವೇ ಎಂಬ ಪ್ರಶ್ನೆಗೂ ಉತ್ತರ ಗೊತ್ತಿಲ್ಲ ಎಂದೇ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕೆಂದು ನಾನು ನಿಮ್ಮನ್ನು ಒತ್ತಾಯಿಸುತ್ತೇನೆ. "ಫ್ಲೋರೈಡ್" = 0 ಎಂದು ಕೇಳಿ ನೋಡಿ. ಮಾಹಿತಿ ತುಂಬುವವರು ವರದಿ ಬಾರದ ಕಡೆ ಖಾಲಿ ಬಿಡಲು ಮನಸ್ಸಾಗದೆ ಸೊನ್ನೆ ಬರೆಯುವುದು ಬಹಳ ಸಾಮಾನ್ಯ. ಖಾಲಿ ಬಿಟ್ಟ ಬಾವಿ ನಕ್ಷೆಯಿಂದ ಮಾಯವಾಗುತ್ತದೆ, ಅಷ್ಟೆ. ಸೊನ್ನೆ ಬರೆದ ಬಾವಿಯಾದರೋ ಸುರಕ್ಷಿತ ಬಾವಿಗಳ ಪಟ್ಟಿಗೆ ಸೇರಿಬಿಡುತ್ತದೆ, ಅದರ ನೀರನ್ನು ಮಕ್ಕಳು ಕುಡಿಯುತ್ತಾರೆ. ನಿಮ್ಮ 131ರಲ್ಲಿ ಅಂಥವು ಎಷ್ಟಿವೆ ಎಂಬುದನ್ನು ಮೂಲ ವರದಿಗಳೊಂದಿಗೆ ತಾಳೆ ನೋಡಿ ತಿದ್ದುವವರೆಗೂ ನಕ್ಷೆಯನ್ನು ಹೊರಗೆ ಕೊಡಬೇಡಿ.

ಇನ್ನು ನಕ್ಷೆಯ ಬಗ್ಗೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ, ಐಎಸ್ 10500, ಫ್ಲೋರೈಡಿಗೆ ಎರಡು ಮಿತಿಗಳನ್ನು ಹೇಳುತ್ತದೆ: ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲ ಇಲ್ಲದಿರುವಾಗ ಮಾತ್ರ ಒಪ್ಪಬಹುದಾದ ಮಿತಿ 1.5 ಮಿಲಿಗ್ರಾಂ. ಆದ್ದರಿಂದ ಎರಡು ಗುಂಪುಗಳಿಗಿಂತ ನಾಲ್ಕು ಗುಂಪುಗಳು ನಿಮ್ಮ ಕೆಲಸಕ್ಕೆ ಹೆಚ್ಚು ಹೊಂದುತ್ತವೆ: 1ರವರೆಗೆ, 1ರಿಂದ 1.5, 1.5ಕ್ಕಿಂತ ಹೆಚ್ಚು, ಮತ್ತು ಪರೀಕ್ಷೆಯಾಗದವು. ಇದಕ್ಕೆ ಫಿಲ್ಟರ್ ಬೇಕಾಗಿಯೇ ಇಲ್ಲ. ಲೇಯರಿನ ಸಿಂಬಾಲಜಿ ಪುಟದಲ್ಲಿ ರೂಲ್ ಬೇಸ್ಡ್ ಎಂಬುದನ್ನು ಆರಿಸಿ, ನಾಲ್ಕು ನಿಯಮಗಳನ್ನು ಬರೆದು, ನಾಲ್ಕಕ್ಕೂ ಬಣ್ಣ ಕೊಡಿ. ಪರೀಕ್ಷೆಯಾಗದ ಬಾವಿಗಳಿಗೆ ಕಣ್ಣಿಗೆ ಹೊಡೆಯುವ ಬಣ್ಣವನ್ನೇ ಕೊಡಿ ಎಂಬುದು ನನ್ನ ಸಲಹೆ. ನಕ್ಷೆಯ ಮೇಲೆ ಚುಕ್ಕೆಯೇ ಇಲ್ಲದ ಜಾಗವನ್ನು ನೋಡಿದವರು ಅಲ್ಲಿ ಬಾವಿಯೇ ಇಲ್ಲವೆಂದುಕೊಳ್ಳುತ್ತಾರೆ, ಬಾವಿಯಿಲ್ಲದ ಕಡೆಗೆ ನೀರಿನ ಮಾದರಿ ತರಲು ಯಾರನ್ನೂ ಕಳುಹಿಸುವುದಿಲ್ಲ.

ಪ್ರಶ್ನೆ: ಹೊಸಹಳ್ಳಿ ಮತ್ತು ರಾಮಪುರ ಎಂಬ ಎರಡು ಗ್ರಾಮಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಬಾವಿಗಳನ್ನು ಕೇಳಿದರೆ, ಹೊಸಹಳ್ಳಿಯ ಎಲ್ಲ ಬಾವಿಗಳೂ ಬರುತ್ತಿವೆ. ನಾನು ಬರೆದ ಸೂತ್ರ: "ಗ್ರಾಮ" = 'ಹೊಸಹಳ್ಳಿ' ಆರ್ "ಗ್ರಾಮ" = 'ರಾಮಪುರ' ಆ್ಯಂಡ್ "ಫ್ಲೋರೈಡ್" > 1.5
– ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಗುಣಾಕಾರವನ್ನು ಸಂಕಲನಕ್ಕಿಂತ ಮೊದಲು ಮಾಡುವಂತೆ, ತಂತ್ರಾಂಶವು ಆ್ಯಂಡ್ ಅನ್ನು ಆರ್‌ಗಿಂತ ಮೊದಲು ಕಟ್ಟುತ್ತದೆ. ಹಾಗಾಗಿ ನಿಮ್ಮ ಸೂತ್ರಕ್ಕೆ ಅದು ಮಾಡಿಕೊಂಡ ಅರ್ಥ, ಹೊಸಹಳ್ಳಿಯವು ಎಲ್ಲವೂ, ಜೊತೆಗೆ ರಾಮಪುರದಲ್ಲಿ ಫ್ಲೋರೈಡ್ ಹೆಚ್ಚಿರುವವು ಎಂದು. ಮೊದಲ ಎರಡು ಷರತ್ತುಗಳನ್ನು ಆವರಣದೊಳಗೆ ಇಡಿ. ಅಥವಾ "ಗ್ರಾಮ" ಇನ್ ('ಹೊಸಹಳ್ಳಿ', 'ರಾಮಪುರ') ಆ್ಯಂಡ್ "ಫ್ಲೋರೈಡ್" > 1.5 ಎಂದು ಬರೆಯಿರಿ. ಕಾಲಂನ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆಯನ್ನೂ ಮೌಲ್ಯಕ್ಕೆ ಒಂಟಿ ಉದ್ಧರಣ ಚಿಹ್ನೆಯನ್ನೂ ನೀವು ಸರಿಯಾಗಿಯೇ ಹಾಕಿದ್ದೀರಿ. ಹೊಸಬರು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಒಂದು ಮಾತು ಸೇರಿಸಬೇಕು. ಹೊಸಹಳ್ಳಿ, ರಾಮಪುರ ಎಂಬ ಹೆಸರಿನ ಊರುಗಳು ನಮ್ಮ ರಾಜ್ಯದಲ್ಲಿ ಹಲವು ತಾಲ್ಲೂಕುಗಳಲ್ಲಿವೆ. ನಿಮ್ಮ ಲೇಯರ್ ಒಂದೇ ತಾಲ್ಲೂಕಿನದಾದರೆ ತೊಂದರೆಯಿಲ್ಲ, ಇಲ್ಲದಿದ್ದರೆ ಯಾವುದೋ ಊರಿನ ಬಾವಿ ನಿಮ್ಮ ಪಟ್ಟಿಗೆ ಬಂದು ಕುಳಿತಿರುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಅದನ್ನು ಒಂದು ಕಾಲಂನಲ್ಲಿ ತುಂಬಿಕೊಂಡು ಹೆಸರಿನ ಬದಲು ಸಂಖ್ಯೆಯಿಂದ ಸೋಸುವುದು ಹೆಚ್ಚು ಭದ್ರ.

ಪ್ರಶ್ನೆ: ನಮ್ಮ ಕೆರೆ ಸಂರಕ್ಷಣಾ ಗುಂಪು ತಾಲ್ಲೂಕಿನ ಎಲ್ಲ ಕೆರೆಗಳ ಲೇಯರ್ ಮಾಡಿತ್ತು. ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಯ ಕೆರೆಗಳನ್ನು ಮಾತ್ರ ನೋಡಲೆಂದು, ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವವನ್ನು ಫಿಲ್ಟರ್ ಮಾಡಿ, ಪ್ರಾಜೆಕ್ಟ್ ಉಳಿಸಿ ಮುಚ್ಚಿದೆ. ವಾರದ ನಂತರ ತೆರೆದ ಗೆಳೆಯರು ಚಿಕ್ಕ ಕೆರೆಗಳೆಲ್ಲ ಅಳಿಸಿಹೋಗಿವೆ ಎಂದು ಗಾಬರಿಯಾದರು. ಎರಡು ವರ್ಷದ ಶ್ರಮ ಅದು. ನಿಜವಾಗಿಯೂ ಹೋಗಿದೆಯೇ?
– ಕೋಲಾರ ಜಿಲ್ಲೆಯ ಓದುಗರು

ಉತ್ತರ: ಹೋಗಿಲ್ಲ, ಧೈರ್ಯವಾಗಿರಿ. ಎಡಗಡೆಯ ಲೇಯರ್ ಪಟ್ಟಿಯಲ್ಲಿ ಕೆರೆಗಳ ಲೇಯರಿನ ಹೆಸರಿನ ಪಕ್ಕ ಆಲಿಕೆಯ ಆಕಾರದ ಚಿಕ್ಕ ಗುರುತು ಕಾಣುತ್ತದೆ. ಅದು ಕಂಡಿತೆಂದರೆ ಆ ಲೇಯರಿಗೆ ಫಿಲ್ಟರ್ ಹಾಕಿದೆ ಎಂದರ್ಥ. ಅದರ ಮೇಲೆ ಒತ್ತಿದರೆ ಕ್ವೆರಿ ಬಿಲ್ಡರ್ ಕಿಟಕಿ ತೆರೆದು ನೀವು ಅಂದು ಬರೆದ ಸೂತ್ರ ಎದುರಿಗೆ ಬರುತ್ತದೆ. ಕ್ಲಿಯರ್ ಒತ್ತಿ ಒಪ್ಪಿಗೆ ಕೊಟ್ಟರೆ ಎಲ್ಲ ಕೆರೆಗಳೂ ಮರಳುತ್ತವೆ. ಫಿಲ್ಟರ್ ಉಳಿಯುವುದು ಪ್ರಾಜೆಕ್ಟ್ ಕಡತದಲ್ಲಿ. ಕೆರೆಗಳ ಮಾಹಿತಿ ಇರುವ ಮೂಲ ಕಡತವನ್ನು ಅದು ಮುಟ್ಟುವುದೇ ಇಲ್ಲ. ಅದೇ ಮೂಲ ಕಡತವನ್ನು ಹೊಸ ಪ್ರಾಜೆಕ್ಟಿಗೆ ಸೇರಿಸಿ ನೋಡಿದರೆ ಎಲ್ಲ ಕೆರೆಗಳೂ ಇರುವುದು ನಿಮಗೇ ತಿಳಿಯುತ್ತದೆ.

ಆದರೆ ನಿಜವಾದ ಅಪಾಯಗಳು ಬೇರೆ ಇವೆ, ನಿಮ್ಮ ಗೆಳೆಯರು ಈ ವಾರ ಏನೇನು ಮಾಡಿದ್ದಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಫಿಲ್ಟರ್ ಇರುವ ಲೇಯರನ್ನು ಎಕ್ಸ್‌ಪೋರ್ಟ್ ಮಾಡಿದರೆ ಹೊಸ ಕಡತಕ್ಕೆ ಹೋಗುವುದು ಸೋಸಿದ ಕೆರೆಗಳು ಮಾತ್ರ. ಪ್ರೊಸೆಸಿಂಗ್ ಉಪಕರಣಗಳೂ ಒಟ್ಟು ವಿಸ್ತೀರ್ಣವನ್ನಾಗಲಿ ಸರಾಸರಿಯನ್ನಾಗಲಿ ಲೆಕ್ಕ ಹಾಕುವುದು ಅವುಗಳ ಮೇಲೆಯೇ. ಹೀಗೆ ಅರ್ಧ ಲೇಯರಿನ ಪ್ರತಿ ತೆಗೆದು, ಅದೇ ಪೂರ್ಣವೆಂದು ನಂಬಿ, ಹಳೆಯ ಕಡತವನ್ನು ಅಳಿಸಿಬಿಟ್ಟರೆ ಆಗ ಮಾತ್ರ ಕೆರೆಗಳು ನಿಜವಾಗಿ ಹೋಗುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಫಿಲ್ಟರ್ ಇದ್ದಾಗಲೇ ಯಾರಾದರೂ ಹೊಸ ಕೆರೆಯೊಂದನ್ನು ಗೆರೆ ಎಳೆದು ಸೇರಿಸಿ, ಅದರ ಅಚ್ಚುಕಟ್ಟನ್ನು 12 ಹೆಕ್ಟೇರ್ ಎಂದು ಬರೆದು ಉಳಿಸಿದರೆಂದುಕೊಳ್ಳಿ. ಆ ಕೆರೆ ಷರತ್ತಿಗೆ ಹೊಂದದ ಕಾರಣ ತೆರೆಯಿಂದ ಮರೆಯಾಗುತ್ತದೆ. ಉಳಿಯಲಿಲ್ಲವೆಂದು ತಿಳಿದು ಅವರು ಮತ್ತೊಮ್ಮೆ ಎಳೆಯುತ್ತಾರೆ. ಫಿಲ್ಟರ್ ತೆಗೆದ ದಿನ ಒಂದರ ಮೇಲೊಂದು ಎರಡು ಮೂರು ಕೆರೆಗಳು ಕಾಣಿಸಿಕೊಳ್ಳುತ್ತವೆ. ತಿದ್ದುವ ಕೆಲಸಕ್ಕೆ ಕೂರುವ ಮುನ್ನ ಫಿಲ್ಟರ್ ತೆಗೆಯುವುದನ್ನು ನಿಮ್ಮ ಗುಂಪಿನ ನಿಯಮವಾಗಿ ಮಾಡಿಕೊಳ್ಳಿ. ತಿದ್ದುವಿಕೆ ನಡೆಯುತ್ತಿರುವಾಗ ಫಿಲ್ಟರನ್ನು ಬದಲಿಸಲು ತಂತ್ರಾಂಶ ಬಿಡುವುದಿಲ್ಲ.

ಲೇಯರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಶೋ ಫೀಚರ್ ಕೌಂಟ್ ಎಂಬುದಿದೆ. ಅದನ್ನು ಸದಾ ಚಾಲೂ ಇಡಿ. ಹೆಸರಿನ ಮುಂದೆ ಆವರಣದೊಳಗೆ ಕಾಣುವ ಆ ಸಂಖ್ಯೆ ಎಂದಿಗಿಂತ ಕಡಿಮೆಯಾಗಿದ್ದರೆ ಗಾಬರಿಯಾಗುವ ಮೊದಲೇ ಕಾರಣ ಹೊಳೆಯುತ್ತದೆ.

ನಿಮ್ಮ ಷರತ್ತಿನ ಬಗ್ಗೆಯೂ ಒಂದು ಮಾತು. ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಮೇಲಿನ ಮಿತಿಯೂ ಇದೆ, ಅದು 2000 ಹೆಕ್ಟೇರ್. 40ಕ್ಕಿಂತ ಹೆಚ್ಚು ಎಂದಷ್ಟೇ ಬರೆದರೆ ಸಾಲದು, ಆ್ಯಂಡ್ ಸೇರಿಸಿ ಅದನ್ನೂ ಬರೆಯಿರಿ.

ಪ್ರಶ್ನೆ: ಕನ್ನಡದಲ್ಲೇ ಮಾಹಿತಿ ಇರಬೇಕೆಂಬ ಹಟದಿಂದ ಎಲ್ಲವನ್ನೂ ಕನ್ನಡದಲ್ಲಿ ತುಂಬಿದ್ದೇನೆ. ಈಗ "ಜಿಲ್ಲೆ" = 'ಬೀದರ್' ಎಂದು ಕೇಳಿದರೆ ಅರ್ಧದಷ್ಟು ಊರುಗಳು ಮಾತ್ರ ಬರುತ್ತವೆ. ಬಾರದ ಸಾಲುಗಳನ್ನು ತೆರೆದು ನೋಡಿದರೆ ಅಲ್ಲಿಯೂ ಬೀದರ್ ಎಂದೇ ಇದೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿಲ್ಲ. ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗಬೇಕೇ?
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಖಂಡಿತ ಬೇಡ. ನಿಮ್ಮ ಹಟ ನ್ಯಾಯವಾದದ್ದು, ತೊಂದರೆಗೆ ಪರಿಹಾರವೂ ಇದೆ.

ತಂತ್ರಾಂಶ ಅಕ್ಷರಗಳ ಆಕಾರವನ್ನು ನೋಡುವುದಿಲ್ಲ, ಅವುಗಳ ಹಿಂದಿರುವ ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತದೆ. ಬೀದರ್ ಎಂಬ ಪದದಲ್ಲಿ ಐದು ಸಂಕೇತಗಳಿವೆ: ಬ, ಗುಡಿಸಿನ ದೀರ್ಘ, ದ, ರ, ಹಲಂತ. ಆದರೆ ಗುಡಿಸಿನ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕೋಲಾರದ ಕೋ ಇನ್ನೂ ಮುಂದೆ ಹೋಗಿ, ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಒಡೆದಿರಲು ಸಾಧ್ಯ. ಇದಲ್ಲದೆ ಹಲಂತದಿಂದ ಮುಗಿಯುವ ಪದಗಳ ಕೊನೆಗೆ ಕೆಲವು ಕೀಲಿಮಣೆ ತಂತ್ರಾಂಶಗಳು ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸುತ್ತವೆ. ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ಹೋಲಿಕೆ ತಪ್ಪುತ್ತದೆ. ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಸೇರಿಕೊಂಡ ಖಾಲಿ ಜಾಗದ ಪರಿಣಾಮವೂ ಇದೇ.

ಪತ್ತೆ ಹಚ್ಚುವುದು ಸುಲಭ. ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು, ಲೆಂಗ್ತ್("ಜಿಲ್ಲೆ") ಎಂಬ ಸೂತ್ರದಿಂದ ಹೊಸ ಕಾಲಂ ಒಂದನ್ನು ತುಂಬಿ. ಬೀದರ್ ಇರುವ ಸಾಲುಗಳಲ್ಲೆಲ್ಲ 5 ಬರಬೇಕು. ಎಲ್ಲಿ 6 ಅಥವಾ 7 ಬಂದಿದೆಯೋ ಅಲ್ಲಿ ಕಾಣದ ಅತಿಥಿ ಇದೆ. ಅಂಚಿನ ಖಾಲಿ ಜಾಗವನ್ನು ಟ್ರಿಮ್ ತೆಗೆಯುತ್ತದೆ. ಆ ಅಗಲವಿಲ್ಲದ ಸಂಕೇತದ ಸಂಖ್ಯೆ 8204. ರಿಪ್ಲೇಸ್("ಜಿಲ್ಲೆ", ಚಾರ್(8204), '') ಎಂಬ ಸೂತ್ರ ಅದನ್ನು ಅಳಿಸುತ್ತದೆ. ಈ ಸೂತ್ರವನ್ನು ಜಿಲ್ಲೆಯ ಕಾಲಂಗೆ ಮಾತ್ರ ಬಳಸಿ, ಊರಿನ ಹೆಸರುಗಳಿಗೆ ಕಣ್ಣು ಮುಚ್ಚಿ ಬಳಸಬೇಡಿ. ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಂಥ ಹೆಸರಿನ ನಡುವೆ ಅದು ಬೇಕಾಗಿಯೇ ಇರುತ್ತದೆ, ತೆಗೆದರೆ ಅಕ್ಷರಗಳು ಒತ್ತುಗಳಾಗಿ ಕೂಡಿಕೊಂಡು ಹೆಸರು ಕೆಡುತ್ತದೆ.

ಸೋಸುವಾಗ ಮೌಲ್ಯವನ್ನು ಕೈಯಿಂದ ಟೈಪ್ ಮಾಡದಿರುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ಕ್ವೆರಿ ಬಿಲ್ಡರಿನಲ್ಲಿ ಎಡಗಡೆ ಕಾಲಂನ ಹೆಸರನ್ನು ಆರಿಸಿ, ಬಲಗಡೆ ಆಲ್ ಎಂಬ ಗುಂಡಿಯನ್ನು ಒತ್ತಿದರೆ ಆ ಕಾಲಂನಲ್ಲಿರುವ ಎಲ್ಲ ಬೇರೆ ಬೇರೆ ಮೌಲ್ಯಗಳ ಪಟ್ಟಿ ಬರುತ್ತದೆ. ಪಕ್ಕದ ಸ್ಯಾಂಪಲ್ ಗುಂಡಿಯನ್ನು ನೆಚ್ಚಬೇಡಿ, ಅದು ತೋರಿಸುವುದು ಕೆಲವನ್ನು ಮಾತ್ರ. ಪಟ್ಟಿಯಲ್ಲಿ ಬೀದರ್ ಎರಡು ಸಲ ಬಂದಿದ್ದರೆ ನಿಮ್ಮ ಸಮಸ್ಯೆಯ ಬೇರು ಅಲ್ಲೇ ಕಂಡಿತು. ಎರಡನ್ನೂ ಎರಡೆರಡು ಸಲ ಒತ್ತಿ ಸೂತ್ರಕ್ಕೆ ಸೇರಿಸಿ ಸದ್ಯದ ಕೆಲಸ ಮುಗಿಸಿಕೊಳ್ಳಬಹುದು, ಬಿಡುವಾದಾಗ ತಿದ್ದಬಹುದು.

ಆ ಪಟ್ಟಿಯನ್ನು ಓದುವುದರಿಂದ ಮತ್ತೊಂದು ಲಾಭವಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಅದಕ್ಕೂ ಹಿಂದಿನ ಮಾಹಿತಿಯಲ್ಲಿ ಗುಲ್ಬರ್ಗಾ, ಬಿಜಾಪುರ ಎಂದಿರುತ್ತದೆ, ಈಚಿನದರಲ್ಲಿ ಕಲಬುರಗಿ, ವಿಜಯಪುರ ಎಂದಿರುತ್ತದೆ. ಎರಡೂ ಮೂಲಗಳಿಂದ ಬಂದ ಸಾಲುಗಳು ಒಂದೇ ಲೇಯರಿನಲ್ಲಿ ಬೆರೆತಿದ್ದರೆ ಎರಡು ಹೆಸರುಗಳನ್ನೂ ಕೇಳಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ್ದರಿಂದ, ಹಳೆಯ ಮಾಹಿತಿಯಲ್ಲಿ ಬಳ್ಳಾರಿ ಎಂದು ಸೋಸಿದಾಗ ಹೊಸಪೇಟೆಯೂ ಬರುತ್ತದೆ, ಹೊಸದರಲ್ಲಿ ಬರುವುದಿಲ್ಲ. ಕೆಲವು ಹಳೆಯ ಕಡತಗಳಲ್ಲಿ ಕನ್ನಡವೆಂದು ಕಾಣುವುದು ಯೂನಿಕೋಡೇ ಅಲ್ಲ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದದ್ದು. ಫಾಂಟು ಬದಲಿಸಿದೊಡನೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅದನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದ ಮೇಲೆಯೇ ಸೋಸಬೇಕು.

ಕನ್ನಡದಲ್ಲಿ ಕೆಲಸ ಮಾಡುವವರೆಲ್ಲರಿಗೂ ನಾನು ಹೇಳುವುದು, ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜಿಗೆ ಬನ್ನಿ ಎಂದು. ಎರಡೂ ಲೇಯರನ್ನು ಉಳಿಸಿಡುವ ಕಡತದ ಮಾದರಿಗಳು. ಶೇಪ್‌ಫೈಲಿನಲ್ಲಿ ಕಾಲಂನ ಹೆಸರಿಗೆ 10 ಬೈಟ್‌ಗಳಷ್ಟೇ ಜಾಗ. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಗ್ರಾಮ ಎಂಬ ಪುಟ್ಟ ಪದಕ್ಕೇ 15 ಬೈಟ್ ಬೇಕು. ಹೆಸರು ಅರ್ಧಕ್ಕೆ ಕತ್ತರಿಸಿಹೋದ ಮೇಲೆ ಸೂತ್ರದಲ್ಲಿ ಪೂರ್ಣ ಹೆಸರು ಬರೆದರೆ ಅಂಥ ಕಾಲಂ ಇಲ್ಲವೆಂಬ ಉತ್ತರ ಬರುವುದು ಸಹಜವೇ. ಜಿಯೋಪ್ಯಾಕೇಜಿಗೆ ಈ ಕಟ್ಟುಪಾಡಿಲ್ಲ.

ಪ್ರಶ್ನೆ: ಸಾವಿರ ಅಡಿಗಿಂತ ಆಳದ ಕೊಳವೆಬಾವಿಗಳನ್ನು ಸೋಸಿದರೆ 950 ಅಡಿಯ ಬಾವಿಯೂ ಪಟ್ಟಿಯಲ್ಲಿ ಬರುತ್ತಿದೆ. ಏಕೆ?
– ರೈತ ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಮ್ಮ ಆಳದ ಕಾಲಂ ಸಂಖ್ಯೆಯಾಗಿರದೆ ಪಠ್ಯವಾಗಿ ಉಳಿದಿದೆ. ಪಠ್ಯವನ್ನು ನಿಘಂಟಿನ ಕ್ರಮದಲ್ಲಿ ಮೊದಲ ಅಕ್ಷರದಿಂದ ಹೋಲಿಸುವುದರಿಂದ, 9 ಎಂಬುದು 1ಕ್ಕಿಂತ ಮುಂದಿನದಾಗಿ 950 ಎಂಬುದು 1000ಕ್ಕಿಂತ ದೊಡ್ಡದಾಗುತ್ತದೆ. ಕಾಲಂನಲ್ಲಿ ಎಲ್ಲೋ ಒಂದು ಸಾಲಿನಲ್ಲಿ 800 ಅಡಿ ಎಂದೋ ಗೊತ್ತಿಲ್ಲ ಎಂದೋ ಬರೆದಿದ್ದರೆ ಸಾಕು, ಇಡೀ ಕಾಲಂ ಪಠ್ಯವಾಗಿಬಿಡುತ್ತದೆ. ಅಟ್ರಿಬ್ಯೂಟ್ ಟೇಬಲಿನಲ್ಲಿ ಸಂಖ್ಯೆಗಳು ಬಲಕ್ಕೂ ಪಠ್ಯವು ಎಡಕ್ಕೂ ಸರಿದು ನಿಲ್ಲುವುದರಿಂದ ನೋಟದಲ್ಲೇ ತಿಳಿಯಬಹುದು. ಅಕ್ಷರಗಳಿರುವ ಸಾಲುಗಳನ್ನು ತಿದ್ದಿ, ಫೀಲ್ಡ್ ಕ್ಯಾಲ್ಕುಲೇಟರಿನಿಂದ ಸಂಖ್ಯೆಯ ಹೊಸ ಕಾಲಂ ಮಾಡಿಕೊಂಡು ಅದರ ಮೇಲೆ ಸೋಸಿ.

ಆದರೆ ಸರ್ವೆ ನಂಬರಿಗೆ ಇದರ ವಿರುದ್ಧವೇ ಸರಿ. ಹಿಸ್ಸಾ ಸೇರಿದ 45/2ರಂಥ ನಂಬರು ಪಠ್ಯವಾಗಿಯೇ ಇರಬೇಕು. ಎಕ್ಸೆಲ್‌ನಲ್ಲಿ ಕಾಲಂ ಅನ್ನು ಮೊದಲೇ ಪಠ್ಯವೆಂದು ಗೊತ್ತುಮಾಡದೆ 5/2 ಎಂದು ತುಂಬಿದರೆ ಅದು ತಾರೀಖಾಗಿ ಬದಲಾಗುತ್ತದೆ. ಆ ಮೇಲೆ ಆ ಜಮೀನನ್ನು ಯಾವ ಫಿಲ್ಟರೂ ಹುಡುಕಿಕೊಡಲಾರದು.

ಪ್ರಶ್ನೆ: ಗ್ರಾಮಗಳ ಲೇಯರಿಗೆ 2011ರ ಜನಗಣತಿಯ ಕೋಷ್ಟಕವನ್ನು ಜೋಡಿಸಿದ್ದೇನೆ. ಜನಸಂಖ್ಯೆಯ ಕಾಲಂ ಟೇಬಲಿನಲ್ಲಿ ಕಾಣುತ್ತದೆ, ಕ್ವೆರಿ ಬಿಲ್ಡರಿನಲ್ಲಿ ಕಾಣುವುದಿಲ್ಲ.
– ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ಲೇಯರ್ ಫಿಲ್ಟರ್ ಕೇಳುವುದು ಮೂಲ ಕಡತವನ್ನು. ಜೋಡಣೆ ನಡೆದಿರುವುದು ನಿಮ್ಮ ಪ್ರಾಜೆಕ್ಟಿನೊಳಗೆ, ಮೂಲ ಕಡತಕ್ಕೆ ಅದರ ಸುದ್ದಿಯೇ ಇಲ್ಲ. ಸೂತ್ರದಿಂದ ಪ್ರಾಜೆಕ್ಟಿನೊಳಗೇ ಲೆಕ್ಕವಾಗುವ ವರ್ಚುವಲ್ ಕಾಲಂಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಜೋಡಿಸಿದ ಲೇಯರನ್ನು ಜಿಯೋಪ್ಯಾಕೇಜಾಗಿ ಎಕ್ಸ್‌ಪೋರ್ಟ್ ಮಾಡಿಕೊಂಡರೆ ಜನಸಂಖ್ಯೆಯೂ ನಿಜವಾದ ಕಾಲಂ ಆಗುತ್ತದೆ. ತರಗತಿಯಲ್ಲಿ ಒಮ್ಮೆ ತೋರಿಸಲು ಮಾತ್ರವಾದರೆ ಸೆಲೆಕ್ಟ್ ಬೈ ಎಕ್ಸ್‌ಪ್ರೆಶನ್ ಸಾಕು. ಅದು ಜೋಡಿಸಿದ ಕಾಲಂಗಳನ್ನೂ ಬಲ್ಲದು, ಆಯ್ದ ಗ್ರಾಮಗಳನ್ನು ಹಳದಿ ಮಾಡಿ ತೋರಿಸಿ ಉಳಿದವನ್ನೂ ಕಣ್ಣೆದುರೇ ಇಡುತ್ತದೆ. ಮಕ್ಕಳಿಗೆ ಇದೇ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ ಎಂದು ನನ್ನ ಅನಿಸಿಕೆ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯತಿಯ ಗಡಿಯೊಳಗಿರುವ, 10 ಎಕರೆಗಿಂತ ದೊಡ್ಡ ಕೆರೆಗಳ ಪಟ್ಟಿ ಬೇಕು. ಕೆರೆಗಳ ಲೇಯರಿನಲ್ಲಿ ಪಂಚಾಯತಿಯ ಹೆಸರೂ ಇಲ್ಲ, ವಿಸ್ತೀರ್ಣವೂ ಇಲ್ಲ. ಫಿಲ್ಟರ್ ಮಾಡಲು ಸಾಧ್ಯವೇ?
– ಗ್ರಾಮ ಪಂಚಾಯತಿ ಸದಸ್ಯೆ, ಕೋಲಾರ ಜಿಲ್ಲೆ

ಉತ್ತರ: ಸಾಧ್ಯವಿದೆ, ಎರಡು ಹೆಜ್ಜೆಗಳಲ್ಲಿ ಮಾಡೋಣ.

ವಿಸ್ತೀರ್ಣ ಮೊದಲು. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ $ಏರಿಯಾ ಎಂಬ ಸೂತ್ರದಿಂದ ಹೊಸ ಕಾಲಂ ತುಂಬಿ. ಅದು ಭೂಮಿಯ ಉಬ್ಬನ್ನು ಗಣನೆಗೆ ತೆಗೆದುಕೊಂಡು, ಪ್ರಾಜೆಕ್ಟಿನ ಗುಣಲಕ್ಷಣಗಳಲ್ಲಿ ನೀವು ಆರಿಸಿದ ಮಾನದಲ್ಲಿ ಲೆಕ್ಕ ಕೊಡುತ್ತದೆ. ಮಾನ ಚದರ ಮೀಟರ್ ಆಗಿದ್ದರೆ 10 ಎಕರೆ ಎಂದರೆ ಸುಮಾರು 40,469. ಏರಿಯಾ($ಜ್ಯಾಮಿಟ್ರಿ) ಎಂಬ ಇನ್ನೊಂದು ಸೂತ್ರವನ್ನು ಬಳಸಬೇಡಿ. ನಿಮ್ಮ ಲೇಯರ್ ಅಕ್ಷಾಂಶ ರೇಖಾಂಶಗಳಲ್ಲಿದ್ದರೆ ಅದು ಚದರ ಡಿಗ್ರಿಗಳಲ್ಲಿ ಉತ್ತರ ಕೊಟ್ಟು ಒಂದು ಕೆರೆಯೂ ಷರತ್ತನ್ನು ದಾಟುವುದಿಲ್ಲ. ರಾಜ್ಯದ ಹೆಚ್ಚಿನ ಭಾಗಕ್ಕೆ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯದ ನಿರ್ದೇಶಾಂಕಗಳನ್ನು ಬಳಸುವುದು ರೂಢಿ. ಆದರೆ ಆ ವಲಯ 78 ಡಿಗ್ರಿ ಪೂರ್ವ ರೇಖಾಂಶಕ್ಕೆ ಮುಗಿಯುತ್ತದೆ, ಕೋಲಾರ ಪಟ್ಟಣ ಅದರಾಚೆ 44ನೇ ವಲಯದಲ್ಲಿದೆ. $ಏರಿಯಾ ಬಳಸಿದರೆ ಈ ಚಿಂತೆಯೂ ತಪ್ಪುತ್ತದೆ. ಮುಂದೆ ಕೆರೆಯ ಗೆರೆಯನ್ನು ತಿದ್ದಿದಾಗ ಕಾಲಂ ತಾನಾಗಿ ಬದಲಾಗುವುದಿಲ್ಲ, ಮತ್ತೆ ತುಂಬಬೇಕು. ಕಾಲಂ ಸಿದ್ಧವಾದ ಮೇಲೆ "ವಿಸ್ತೀರ್ಣ" > 40469 ಎಂದು ಕೆರೆಗಳ ಲೇಯರಿಗೆ ಫಿಲ್ಟರ್ ಹಾಕಿ.

ಆನಂತರ ಗಡಿ. ಪ್ರೊಸೆಸಿಂಗ್ ಪಟ್ಟಿಯಿಂದ ಎಕ್ಸ್‌ಟ್ರಾಕ್ಟ್ ಬೈ ಲೊಕೇಶನ್ ಉಪಕರಣವನ್ನು ತೆರೆಯಿರಿ. ಅದು ಫಿಲ್ಟರಿನೊಳಗಿನ ಕೆರೆಗಳನ್ನಷ್ಟೇ ತೆಗೆದುಕೊಳ್ಳುತ್ತದೆ, ಇಲ್ಲಿ ನಮಗೆ ಬೇಕಾದದ್ದೂ ಅದೇ. ಹೋಲಿಸಬೇಕಾದ ಲೇಯರಾಗಿ ನಿಮ್ಮ ಪಂಚಾಯತಿಯ ಗಡಿಯನ್ನು ಕೊಡಿ. ಈಗ ಗಡಿಗೂ ಕೆರೆಗೂ ಇರಬೇಕಾದ ಸಂಬಂಧ ಯಾವುದೆಂದು ಕೇಳುತ್ತದೆ. ಗಡಿಯೊಳಗೆ ಎಂದು ನೀವು ಬರೆದಿರುವುದರಿಂದ ಆರ್ ವಿದಿನ್ ಎಂಬುದನ್ನು ಗುರುತು ಮಾಡಲು ಮನಸ್ಸಾಗುತ್ತದೆ. ಹಾಗೆ ಮಾಡಿದರೆ ಪೂರ್ಣವಾಗಿ ಒಳಗಿರುವ ಕೆರೆಗಳು ಮಾತ್ರ ಬರುತ್ತವೆ. ನಮ್ಮ ಕಡೆ ಎಷ್ಟೋ ಊರುಗಳ ಗಡಿ ಹಾದುಹೋಗುವುದೇ ಕೆರೆಯಂಗಳದ ನಡುವೆ ಅಥವಾ ಏರಿಯ ಮೇಲೆ. ಅಂಥ ಕೆರೆಯ ಒಂದು ಮೂಲೆ ಗೆರೆಯಿಂದ ಹೊರಗಿದ್ದರೂ ಅದು ನಿಮ್ಮ ಪಟ್ಟಿಯಲ್ಲಿ ಬರುವುದಿಲ್ಲ. ಪಕ್ಕದ ಪಂಚಾಯತಿಯವರೂ ಹೀಗೆಯೇ ಕೇಳಿದರೆ ಅವರ ಪಟ್ಟಿಯಲ್ಲೂ ಬರುವುದಿಲ್ಲ. ಹೂಳೆತ್ತುವ ಕೆಲಸಕ್ಕೆ ಎರಡೂ ಕಡೆಯಿಂದ ಹೆಸರು ಹೋಗದ ಕೆರೆಯಾಗಿ ಅದು ಉಳಿದುಬಿಡುತ್ತದೆ.

ಆದ್ದರಿಂದ ಇಂಟರ್‌ಸೆಕ್ಟ್ ಎಂಬುದನ್ನೇ ಆರಿಸಿ. ಗಡಿಯನ್ನು ಮುಟ್ಟಿದ ಎಲ್ಲ ಕೆರೆಗಳೂ ಬರುತ್ತವೆ. ಗೆರೆ ಸ್ವಲ್ಪ ಸರಿದಿರುವ ಕಾರಣಕ್ಕೆ ಬಂದ ಪಕ್ಕದೂರಿನ ಒಂದೆರಡು ಕೆರೆಗಳೂ ಇರಬಹುದು. ಅವುಗಳನ್ನು ಉಪಗ್ರಹ ಚಿತ್ರದ ಮೇಲಿಟ್ಟು, ಊರಿನ ನೀರುಗಂಟಿಯನ್ನೋ ಹಿರಿಯ ರೈತರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ನೋಡಿ ತೆಗೆಯಿರಿ.